ಸೌದೆ ಬಟ್ಟಲಿಗೆ ಅರ್ಧ ಎಚ್‌ಪಿ ಮಿನಿ ಲೇತ್: ತಗೋಬಹುದಾ?

ದಾವಣಗೆರೆಯಲ್ಲಿ ಲೇತ್ (ತುಂಡನ್ನು ತಿರುಗಿಸುತ್ತಾ ಉಳಿಯಿಂದ ಕಡೆಯೋ ಯಂತ್ರ) ಅಂದರೆ ಕಬ್ಬಿಣ ಕಡೆಯೋ ಲೇತ್ ಅಂತಲೇ ಲೆಕ್ಕ. ಮರದ್ದು ಬೇಕು ಅಂದವರಿಗೆ ಆನ್‌ಲೈನ್‌ನಲ್ಲಿ ಮೊದಲು ಕಣ್ಣಿಗೆ ಬೀಳೋದು 10 ಇಂಚು ವ್ಯಾಸ, 18 ಇಂಚು ಉದ್ದದವರೆಗಿನ ಮರ ಹಿಡಿಯೋ ಈ ಮಿನಿ ಲೇತ್. ಎರಕ ಒಂದೇ, ಬಣ್ಣ ಮತ್ತು ಸ್ಟಿಕ್ಕರ್ ಬದಲಾಯಿಸಿ ಹಲವು ಹೆಸರಲ್ಲಿ ಮಾರುತ್ತಾರೆ. ಹಾಗಾಗಿ ಬ್ರ್ಯಾಂಡ್ ಹೇಳಿ ಪ್ರಯೋಜನವಿಲ್ಲ, ಗುರುತು ಹೇಳಬಹುದು: ಅರ್ಧ ಎಚ್‌ಪಿ ಸಿಂಗಲ್ ಫೇಸ್ ಇಂಡಕ್ಷನ್ ಮೋಟರ್, ಐದು ಮೆಟ್ಟಿಲಿನ ಪುಲ್ಲಿ, ವೇಗ 750ರಿಂದ 3200 ಆರ್‌ಪಿಎಂ (ನಿಮಿಷಕ್ಕೆ ಸುತ್ತು), ಎರಡೂ ತುದಿಗೆ ಮೋರ್ಸ್ ಟೇಪರ್ 2, ಅಂದರೆ ಮರ ಹಿಡಿಯೋ ಮೊನೆ ಕೂರಿಸುವ ಇಳಿಜಾರು ತೂತಿನ ಅಳತೆ. ಲಟ್ಟಣಿಗೆ, ಕುರ್ಚಿ ಕಾಲು ಕಡೆಯೋರು ಕಣ್ಣು ಮುಚ್ಚಿ ತಗೋಬಹುದು, ಅವರು ಮುಂದಕ್ಕೆ ಓದೋದೂ ಬೇಡ. ಕಟ್ಟಿಗೆ ಅಡ್ಡೆಯಿಂದ ಹುಣಸೆ, ಜಾಲಿ ತುಂಡು ಆರಿಸಿ ತಂದು ಬಟ್ಟಲು ಕಡೆಯೋರಿಗೆ ಮಾತ್ರ ಕತೆ ಬೇರೆ.

ತಕರಾರು ಇರೋದು ಆ 750ರಲ್ಲಿ. ಬಟ್ಟಲಿನ ವ್ಯಾಸವನ್ನು ಇಂಚಿನಲ್ಲಿ ತಗೊಂಡು ಆರ್‌ಪಿಎಂನಿಂದ ಗುಣಿಸಿದರೆ 6000ದಿಂದ 9000ದೊಳಗೆ ಬರಬೇಕು ಅನ್ನೋದು ಕಡೆಯೋರ ಸಾಮಾನ್ಯ ಲೆಕ್ಕ. 8 ಇಂಚಿಗೆ 750 ಅಂದರೆ 6000, ಸರಿಯಾಗೇ ಇದೆ. ಆದರೆ ಆ ಲೆಕ್ಕ ದುಂಡಗಾದ ಮರಕ್ಕೆ. ಸೌದೆ ತುಂಡು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೊಗಟೆ, ನಡುವೆ ಗಂಟು. ಅದನ್ನು 400–500ರಲ್ಲಿ ಶುರು ಮಾಡಬೇಕು. ಹೊರಕ್ಕೆ ಎಳೆಯುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ, ಅಂದರೆ 500ಕ್ಕಿಂತ 750ರಲ್ಲಿ ಎರಡೂಕಾಲು ಪಟ್ಟು. ಮೇಜು ಸಮೇತ ಲೇತ್ ಕುಣಿಯೋದು ಅದಕ್ಕೇ. ಎರಕ ಹಗುರ ಅಂತ ಬೈಯೋರಿದ್ದಾರೆ, ಎರಕದ ತಪ್ಪು ಅದರಲ್ಲಿ ಅರ್ಧವೂ ಇಲ್ಲ.

ದಾರಿ ಮೂರಿವೆ. ಖರ್ಚಿಲ್ಲದ್ದು: ತುಂಡನ್ನು ಲೇತ್‌ಗೆ ಏರಿಸೋ ಮೊದಲೇ ಕೊಡಲಿಯಲ್ಲಿ ಮೂಲೆ ಹೊಡೆದು ಎಂಟು ಮುಖ ಮಾಡೋದು. ಇಲ್ಲವೇ ಸಾಮಿಲ್‌ನವರಿಗೆ ಸೀಮೆಸುಣ್ಣದಲ್ಲಿ ದುಂಡು ಬರೆದುಕೊಟ್ಟು ಬ್ಯಾಂಡ್‌ಸಾದಲ್ಲಿ ಕೊಯ್ಸೋದು. ಎರಡನೇದು ಭಾರ: ಸ್ಟ್ಯಾಂಡಿನ ಕೆಳಹಲಗೆ ಮೇಲೆ 50 ಕೆಜಿಯ ಮರಳಿನ ಚೀಲ. ಮೂರನೇದು ಮೋಟರನ್ನೇ ಬದಲಾಯಿಸಿ ಅರ್ಧ ಎಚ್‌ಪಿ ತ್ರೀ ಫೇಸ್ ಮೋಟರ್, ಜೊತೆಗೆ ಸಿಂಗಲ್ ಫೇಸ್ ಇನ್‌ಪುಟ್‌ನ ವಿಎಫ್‌ಡಿ (ಕರೆಂಟಿನ ಹರ್ಟ್ಜ್ ಬದಲಿಸಿ ಮೋಟರ್ ವೇಗ ಏರಿಸಿ ಇಳಿಸುವ ಪೆಟ್ಟಿಗೆ) ಹಾಕೋದು. 25 ಹರ್ಟ್ಜ್‌ಗೆ ಇಳಿಸಿದರೆ ಅದೇ ಪುಲ್ಲಿಯಲ್ಲಿ 375 ಆರ್‌ಪಿಎಂ ಸಿಗುತ್ತೆ. ಇಲ್ಲೊಂದು ಎಡವಟ್ಟು ಆಗೋದುಂಟು. ಆ ವಿಎಫ್‌ಡಿ ಹೊರಗೆ ಕೊಡೋದು 230 ವೋಲ್ಟ್ ಮಾತ್ರ. ಮೋಟರಿನ ಸುರುಳಿಗಳನ್ನು 415 ವೋಲ್ಟಿಗೆ ಸ್ಟಾರ್ ರೀತಿಯಲ್ಲಿ ಜೋಡಿಸಿದ್ದರೆ ಉಳಿ ಇಟ್ಟ ಕೂಡಲೇ ನಿಲ್ಲುತ್ತೆ. ಆರು ತುದಿಯೂ ಹೊರಗೆ ಬಂದಿರೋ ಮೋಟರ್ ಕೇಳಿ, ವೈಂಡಿಂಗ್‌ನವರ ಕೈಲಿ 230ರ ಡೆಲ್ಟಾ ಕನೆಕ್ಷನ್ ಮಾಡಿಸಿ. ಕಡಿಮೆ ಹರ್ಟ್ಜ್‌ನಲ್ಲಿ ಮೋಟರ್ ಫ್ಯಾನೂ ನಿಧಾನ ತಿರುಗೋದರಿಂದ ಗಂಟೆಗಟ್ಟಲೆ ಅದೇ ವೇಗದಲ್ಲಿ ಓಡಿಸಬೇಡಿ, ದುಂಡಗಾದ ಮೇಲೆ ಏರಿಸಿ.

ಇದ್ದ ಮೋಟರನ್ನೇ ಇಟ್ಟುಕೊಳ್ಳೋರು ವೋಲ್ಟೇಜ್ ನೋಡಿಕೊಳ್ಳಬೇಕು. ಇಂಡಕ್ಷನ್ ಮೋಟರಿನ ತಿರುಗುಬಲವೂ ವೋಲ್ಟೇಜಿನ ವರ್ಗದ ಲೆಕ್ಕದಲ್ಲೇ ಇಳಿಯುತ್ತೆ. 230 ಇರಬೇಕಾದಲ್ಲಿ 180 ಬಂದರೆ ಉಳಿಯೋದು ಶೇಕಡಾ 61. ಬೇಸಿಗೆ ಸಂಜೆ ಪಂಪ್‌ಸೆಟ್ ಲೈನ್ ಪಕ್ಕದ ಊರುಗಳಲ್ಲಿ ಸ್ವಿಚ್ ಹಾಕಿದಾಗ ಮೋಟರ್ ಬರೀ ಗುಂಯ್ ಅಂದು ತಿರುಗದೇ ಇದ್ದರೆ ತಕ್ಷಣ ಆರಿಸಿ. ಹಾಗೇ ಬಿಟ್ಟರೆ ಕೆಪಾಸಿಟರ್ ಹೋಗುತ್ತೆ, ಆಮೇಲೆ ವೈಂಡಿಂಗ್.

ಜೊತೆಗೆ ಬರೋ ಸಾಮಾನಿನ ವಿಷಯ. ಮರವನ್ನು ಸ್ಕ್ರೂ ಹಾಕಿ ಕೂರಿಸೋ ಲೋಹದ ತಟ್ಟೆ, ಅಂದರೆ ಫೇಸ್‌ಪ್ಲೇಟ್, ಚೆನ್ನಾಗಿದೆ. ಉಳಿ ಆನಿಸೋ ಟೂಲ್ ರೆಸ್ಟಿನ ಮೇಲಂಚು ಒರಟು, ಉಳಿ ಸರಾಗವಾಗಿ ಜಾರದೆ ಬಟ್ಟಲಿನ ಮೈಮೇಲೆ ಅಲೆ ಏಳುತ್ತೆ. ಚಪ್ಪಟೆ ಅರದಿಂದ ಹತ್ತು ನಿಮಿಷ ಉಜ್ಜಿ ಮೇಣ ಸವರಿದರೆ ಸರಿಹೋಗುತ್ತೆ. ಕೆಲವು ಮಾರಾಟಗಾರರು 'ಫ್ರೀ' ಅಂತ ಕೊಡೋ ಉಳಿ ಸೆಟ್ ಮಾತ್ರ ಪಕ್ಕಕ್ಕಿಡಿ. ಅದರಲ್ಲಿರೋ ಅಗಲ ಬಾಯಿಯ ರಫಿಂಗ್ ಗೌಜ್ (ತೋಡಿನಾಕಾರದ ಉಳಿ) ಉದ್ದ ಕಂಬಗಳಿಗೆ ಮಾಡಿದ್ದು. ಹಿಡಿಯೊಳಗೆ ಹೋಗೋ ಅದರ ಬಾಲ ತೆಳು, ಬಟ್ಟಲಿನ ಅಡ್ಡ ಎಳೆಗೆ ಸಿಕ್ಕಿದರೆ ಅಲ್ಲೇ ಮುರಿಯುತ್ತೆ, ಮುರಿದ ಉಕ್ಕು ಮುಖಕ್ಕೇ ಬರುತ್ತೆ. ಹಳೇ ಅರವನ್ನೇ ಉಳಿ ಮಾಡಿಕೊಳ್ಳೋದೂ ಅಷ್ಟೇ ಅಪಾಯ, ಅರದ ಉಕ್ಕು ಗಡಸು ಆದರೆ ಪೆಡಸು. ಬಟ್ಟಲಿಗೆ ಬೇಕಾದ್ದು ಒಂದೇ ಒಂದು ಒಳ್ಳೇ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬೌಲ್ ಗೌಜ್, ಅರ್ಧ ಇಂಚಿನ ದುಂಡು ಸರಳಿನದು, 55 ಡಿಗ್ರಿ ಸಾಣೆ. ಮೇಲೆ ಮರ ಕಚ್ಚಿ ಹಿಡಿಯೋ ನಾಲ್ಕು ದವಡೆಯ ಸ್ಕ್ರೋಲ್ ಚಕ್. ಚಕ್ ಆರ್ಡರ್ ಮಾಡೋ ಮೊದಲು ಲೇತ್‌ನ ತಿರುಗೋ ದಂಡದ (ಸ್ಪಿಂಡಲ್) ಥ್ರೆಡ್ ಅಳೆಯಿರಿ. ಹೆಚ್ಚಿನವು 1 ಇಂಚು, ಇಂಚಿಗೆ 8 ಥ್ರೆಡ್. ಎಂ33ರ (33 ಮಿಲಿಮೀಟರ್ ಥ್ರೆಡ್) ಚಕ್ ತಂದರೆ ಅಡಾಪ್ಟರ್ ಹುಡುಕಬೇಕಾಗುತ್ತೆ. ಚಕ್, ಗೌಜ್, ಬಿಳಿ ಕಲ್ಲಿನ ಗ್ರೈಂಡರ್, ಮುಖಕ್ಕೆ ಪೂರ್ತಿ ಮುಚ್ಚೋ ಶೀಲ್ಡ್: ಈ ಲೆಕ್ಕ ಸೇರಿಸಿಯೇ ಮಷಿನ್ ಬೆಲೆ ನೋಡಿ. ಇವಕ್ಕೆ ದುಡ್ಡು ಉಳಿಯಲ್ಲ ಅಂದರೆ ಮಷಿನ್ ತಗೊಂಡೂ ಕೆಲಸ ನಡೆಯಲ್ಲ.

ಈಗ ಮರ. ಅಡ್ಡೆಯಲ್ಲಿ ಸಿಗೋದೆಲ್ಲ ಬಟ್ಟಲಾಗಲ್ಲ. ಬಳ್ಳಾರಿ ಜಾಲಿ ನಮ್ಮ ಕಡೆಯ ದೊಡ್ಡ ಭಾಗ್ಯ, ಯಾರಿಗೂ ಬೇಡದ ಮುಳ್ಳಿನ ಗಿಡ. ಕೆಂಗಂದು ಕೆಚ್ಚು, ಒಣಗುವಾಗ ಕುಗ್ಗೋದು ಕಡಿಮೆ, ಆಕಾರ ಕೆಡೋದೂ ಕಡಿಮೆ. ಸಮಸ್ಯೆ ಅಂದರೆ 6 ಇಂಚಿಗಿಂತ ದಪ್ಪದ ನೇರ ತುಂಡು ಅಪರೂಪ, ಸುತ್ತಲಿನ ಹಳದಿ ಮರಕ್ಕೆ ಕುಟ್ಟೆ ಹಿಡಿಯುತ್ತೆ. ಹುಣಸೆ ಅಂದದಲ್ಲಿ ಎಲ್ಲಕ್ಕಿಂತ ಮೇಲು, ತಿಳಿ ಹಳದಿ ನಡುವೆ ನೇರಳೆ ಕಪ್ಪಿನ ಕೆಚ್ಚು. ಆದರೆ ಉಳಿಯ ಮೊನೆ ತಿನ್ನುತ್ತೆ, ಒಂದು ಬಟ್ಟಲಿಗೆ ಏಳೆಂಟು ಸಲ ಸಾಣೆ. ಕರಿಜಾಲಿ ಗಾಡಿ ಚಕ್ರಕ್ಕೆ ಹಾಕ್ತಿದ್ದ ಮರ, ಗಟ್ಟಿತನಕ್ಕೆ ಬೇರೆ ಸಾಕ್ಷಿ ಬೇಡ. ಬಾಗೆ ಮರ ಕಡೆಯೋಕೆ ಸುಲಭ, ಆದರೆ ಧೂಳಿಗೆ ಸೀನು ನಿಲ್ಲಲ್ಲ. ಬೇವಿನಲ್ಲಿ ಎಳೆ ಒಂದಕ್ಕೊಂದು ಹೆಣೆದಿರುತ್ತೆ, ಅಲ್ಲಲ್ಲಿ ಕಿತ್ತುಬರುತ್ತೆ. ಮಾವು ಮೆತ್ತಗೆ, ಕಲಿಯೋರಿಗೆ ಒಳ್ಳೇದು. ನೀಲಗಿರಿ ಒಲೆಗೇ ಇರಲಿ, ಕಡೆದ ರಾತ್ರಿಯೇ ಸೀಳುತ್ತೆ. ಅಡಿಕೆ ಮರದ ಒಳಗೆ ಬರೀ ನಾರು ತಿರುಳು, ಬಟ್ಟಲಿನ ಆಸೆ ಬಿಡಿ. ಶ್ರೀಗಂಧದ ತುಂಡು ಅಂತ ಯಾರಾದರೂ ತೋರಿಸಿದರೆ ಕೈಯೂ ಹಾಕಬೇಡಿ. ಚಿತ್ರದುರ್ಗದ ಜೋಗಿಮಟ್ಟಿಯಂಥ ಕಾಯ್ದಿಟ್ಟ ಕಾಡಿನ ಮರವೂ ಹಾಗೇ.

ತುಂಡು ಆರಿಸುವಾಗ ಒಂದು ಒದ್ದೆ ಬಟ್ಟೆ, ಒಂದು ಆಯಸ್ಕಾಂತ ಜೇಬಲ್ಲಿರಲಿ. ತುದಿಯ ಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಸ್ವಲ್ಪ ಹೊತ್ತು ಬಿಡಿ. ಮೈ ಒಣಗುತ್ತೆ, ಬಿರುಕು ಇದ್ದಲ್ಲಿ ಕೂದಲೆಳೆಯಂಥ ಕಪ್ಪು ಗೆರೆ ಉಳಿಯುತ್ತೆ, ಅದರೊಳಗಿನ ನೀರು ಆರೋಕೆ ತಡ. ಒಣ ಸೌದೆಯಲ್ಲಿ ಎರಡೂ ತುದಿಯಿಂದ ಎರಡು ಮೂರು ಇಂಚು ಕೊಯ್ದು ಹಾಕಿದರೂ ಆ ಗೆರೆ ಕಂಡರೆ ವಾಪಸ್ ಎಸೆಯಿರಿ. ಇನ್ನು ರಸ್ತೆ ಬದಿಯ ಮರದಲ್ಲಿ ಬೋರ್ಡು ಹೊಡೆದ ಮೊಳೆ ಇದ್ದೇ ಇರುತ್ತೆ, ಆಯಸ್ಕಾಂತ ಅದನ್ನು ಹುಡುಕೋಕೆ. ಜಾಲಿ, ಹುಣಸೆಯ ಒಗರು ಕಬ್ಬಿಣಕ್ಕೆ ತಾಗಿದಲ್ಲಿ ಮರ ನೀಲಿ ಕಪ್ಪಾಗುತ್ತೆ. ಅಂಥ ಕಲೆ ಕಂಡರೆ ಮೊಳೆ ಹತ್ತಿರದಲ್ಲೇ ಇದೆ ಅಂತ ತಿಳೀರಿ.

ದಿಮ್ಮಿಯನ್ನು ಬೆಣೆ ಹೊಡೆದು ತಿರುಳಿನ ಮೇಲೇ ಸೀಳಿ, ತಿರುಳಿನ ಎರಡೂ ಬದಿಯ ಅರ್ಧ ಇಂಚು ತೆಗೆದುಹಾಕಿ. ಬಿರುಕು ಹುಟ್ಟೋದೇ ಅಲ್ಲಿಂದ. ಚಪ್ಪಟೆ ಮುಖ ಬಟ್ಟಲಿನ ಬಾಯಿ, ತೊಗಟೆ ಕಡೆ ತಳ. ಫೇಸ್‌ಪ್ಲೇಟನ್ನು ಚಪ್ಪಟೆ ಮುಖಕ್ಕೆ ಒಂದೂಕಾಲು ಇಂಚಿನ ಮರದ ಸ್ಕ್ರೂ ಆರು ಹಾಕಿ ಬಿಗಿಯಿರಿ. ಕಪ್ಪು ಜಿಪ್ಸಮ್ ಸ್ಕ್ರೂ ಬೇಡ, ತಲೆ ಹಾರುತ್ತೆ. ಎದುರು ತುದಿಯಿಂದ ಟೇಲ್‌ಸ್ಟಾಕ್ (ಮರಕ್ಕೆ ಆಸರೆ ಕೊಡೋ ಭಾಗ) ಒತ್ತಿ, ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿ, ಪಕ್ಕಕ್ಕೆ ಸರಿದು ಸ್ವಿಚ್ ಹಾಕಿ. ಹೆಗಲ ಮೇಲಿನ ಟವೆಲ್ ಗೋಡೆಯ ಮೊಳೆಗಿರಲಿ. ಹೊರಮೈ ಕಡೆಯೋದು ತಳದಿಂದ ಬಾಯಿಯ ಕಡೆಗೆ, ಒಳಮೈ ಬಾಯಿಯಿಂದ ತಳಕ್ಕೆ. ಉಲ್ಟಾ ಹೋದರೆ ಎಳೆ ಎದ್ದು ಕಿತ್ತುಬರುತ್ತೆ. ಹೊರಮೈ ಮುಗಿದ ಮೇಲೆ ತಳದಲ್ಲಿ ಚಕ್ ಕಚ್ಚೋಕೆ 2 ಇಂಚು ಅಗಲ, ಕಾಲಿಂಚು ಎತ್ತರದ ದಿಂಡು ಬಿಡಿ. ದಿಂಡಿನ ತುದಿ ಚಕ್ಕಿನ ಒಳತಳಕ್ಕೆ ತಾಗಬಾರದು, ದಿಂಡಿನ ಬುಡದ ಸುತ್ತಲಿನ ಮಟ್ಟಸ ಅಂಚು ದವಡೆಯ ಮೇಲೆ ಕೂರಬೇಕು. ಬಟ್ಟಲು ಹಾರಿಹೋಗೋದು ಬಹುತೇಕ ಇದು ತಪ್ಪಿದಾಗಲೇ.

ಹಸಿ ಮರವಾದರೆ ಗೋಡೆ ದಪ್ಪ ವ್ಯಾಸದ ಹತ್ತನೇ ಒಂದು ಭಾಗ, ಅಂದರೆ 8 ಇಂಚಿಗೆ 20 ಮಿಲಿಮೀಟರ್, ಅಷ್ಟಕ್ಕೆ ನಿಲ್ಲಿಸಿ. ಎಳೆ ಕಡಿದು ಕಾಣೋ ಎರಡು ಬದಿಗೆ ಮೇಣ ಸವರಿ, ಕಡೆದ ಸಿಪ್ಪೆಯ ಜೊತೆ ಕಾಗದದ ಚೀಲಕ್ಕೆ ಹಾಕಿ, ಅಡುಗೆಮನೆ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯೋದು ನಿಂತಾಗ ಬಟ್ಟಲು ಮೊಟ್ಟೆ ಆಕಾರಕ್ಕೆ ತಿರುಗಿರುತ್ತೆ, ಮತ್ತೆ ಏರಿಸಿ ದುಂಡು ಮಾಡಬೇಕು. ಮೂರರಿಂದ ಆರು ತಿಂಗಳು ಬೇಕು. ಶಿವರಾತ್ರಿ ಕಳೆದ ಮೇಲೆ ಚಿತ್ರದುರ್ಗ, ದಾವಣಗೆರೆಯ ಒಣ ಗಾಳಿಯಲ್ಲಿ ಹಸಿ ಬಟ್ಟಲು ಕಡೆದು ಫ್ಯಾನ್ ಕೆಳಗಿಟ್ಟರೆ ಬೆಳಗಾಗೋದರೊಳಗೆ ಬಾಯಿ ಬಿಟ್ಟಿರುತ್ತೆ. ಈ ಕೆಲಸಕ್ಕೆ ಮಳೆಗಾಲ ಒಳ್ಳೇದು.

ಸ್ಯಾಂಡ್ ಪೇಪರ್ 120ರಿಂದ 320ರವರೆಗೆ, ಒತ್ತದೆ. ಜಾಲಿಯಲ್ಲಿ ಪೇಪರಿನ ಬಿಸಿಗೇ ಕೂದಲ ಬಿರುಕು ಏಳುತ್ತೆ, ಇದಕ್ಕೂ ಕೆಳಗಿನ ವೇಗ ಬೇಕು, ಈ ಲೇತ್ ಅದನ್ನು ಕೊಡಲ್ಲ. ಎಣ್ಣೆಗೆ ಕಚ್ಚಾ ಅಗಸೆ ಎಣ್ಣೆ ಸಾಕು. ಕೊಬ್ಬರಿ ಎಣ್ಣೆ ಒಣಗಲ್ಲ, ಜಿಡ್ಡಾಗಿ ಧೂಳು ಹಿಡಿಯುತ್ತೆ. ಅಂಗಡಿಯ ಬಾಯ್ಲ್ಡ್ ಅಗಸೆ ಎಣ್ಣೆಯಲ್ಲಿ ಬೇಗ ಒಣಗಲಿ ಅಂತ ಲೋಹದ ಲವಣ ಸೇರಿಸಿರ್ತಾರೆ, ತಿನ್ನೋ ಬಟ್ಟಲಿಗೆ ಬೇಡ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಹೊಟ್ಟಿನ ಮೂಲೆಗೆ ಎಸೆಯಬೇಡಿ, ತಾನಾಗೇ ಕಾದು ಹೊತ್ತಿಕೊಳ್ಳುತ್ತೆ. ಬಿಡಿಸಿ ತಂತಿಗೆ ಹಾಕಿ.

ರಿಪೇರಿ ಬಗ್ಗೆ ಭಯ ಬೇಡ. ಮಾರಿದವರು ಫೋನ್ ಎತ್ತದಿದ್ದರೂ ಕೆಪಾಸಿಟರ್, ಬೇರಿಂಗ್ ಎರಡೂ ಊರಲ್ಲೇ ಸಿಗುತ್ತೆ. ಬೆಲ್ಟ್ ಒಂದನ್ನೇ ಹುಡುಕಬೇಕಾಗೋದು. ಅದರ ಮೇಲಿನ ನಂಬರ್ ಸವೆದು ಅಳಿಸೋ ಮೊದಲೇ ಬರೆದಿಟ್ಟುಕೊಳ್ಳಿ.