ಮೇ ತಿಂಗಳ ಕಲಬುರಗಿಯಲ್ಲಿ ‘ಎಐ’ ಕೂಲರ್‌ಗೆ ಯೋಚಿಸಲು ಏನಿದೆ?

ಸೂಪರ್ ಮಾರ್ಕೆಟ್ ಕಡೆಯ ಅಂಗಡಿಗಳ ಮುಂದೆ ಬೇಸಿಗೆಗೆ ಸಾಲಾಗಿ ನಿಲ್ಲುವ 70 ಲೀಟರ್ ಕೂಲರ್‌ಗಳ ಡಬ್ಬದ ಮೇಲೆ ಈಗ ನಾಲ್ಕು ಮಾತು ದೊಡ್ಡದಾಗಿ ಬರೆದಿರುತ್ತದೆ: ಬಿಎಲ್‌ಡಿಸಿ (ಕಡಿಮೆ ಕರೆಂಟು ಎಳೆಯುವ, ಬ್ರಷ್ ಇಲ್ಲದ ಮೋಟರ್), ವೈಫೈ, ಐಸ್ ಚೇಂಬರ್, ಎಐ ಮೋಡ್. ಈ ನಾಲ್ಕರಲ್ಲಿ ಹೆಚ್ಚಿನ ದುಡ್ಡು ಕೊಡಬೇಕಾದದ್ದು ಒಂದಕ್ಕೆ ಮಾತ್ರ. ಕಂಪನಿಯ ಹೆಸರು ಇಲ್ಲಿ ಬೇಕಿಲ್ಲ. ಈ ದರ್ಜೆಯ ಮಾಲೆಲ್ಲ ಒಳಗೆ ಹೆಚ್ಚುಕಡಿಮೆ ಒಂದೇ.

ಮೊದಲು ಎಐ. ಅದರ ಕೆಲಸ ಇಷ್ಟೇ: ಕೋಣೆಯ ತಾಪಮಾನ ಮತ್ತು ತೇವಾಂಶ ಓದಿ ಫ್ಯಾನ್ ವೇಗ ಏರಿಳಿಸುವುದು. ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ಬಿಸಿಲು, ಶೇ 20 ತೇವಾಂಶ ಇದ್ದಾಗ ಉತ್ತರ ಒಂದೇ: ಫ್ಯಾನ್ ಫುಲ್, ಪಂಪ್ ಚಾಲೂ. ಮರುದಿನವೂ ಅದೇ ಉತ್ತರ, ಜೂನ್ ಮಳೆ ಬರುವವರೆಗೂ ಅದೇ. ಇಷ್ಟಕ್ಕೆ ಕೃತಕ ಬುದ್ಧಿಮತ್ತೆ ಬೇಡ ರೀ, ಹೆಬ್ಬೆರಳು ಸಾಕು. ಬುದ್ಧಿ ಖರೇನೇ ಬೇಕಾಗುವುದು ಮಳೆ ಶುರುವಾದ ಮೇಲೆ. ಆಗ ಪಂಪ್ ಬಂದ್ ಮಾಡಿ ಬರೀ ಗಾಳಿ ಬಿಡಬೇಕು. ಅಂಗಡಿಯವರಿಗೆ ಕೇಳಬೇಕಾದ ಪ್ರಶ್ನೆಯೂ ಅದೇ: ಎಐ ಮೋಡ್ ಪಂಪ್ ನಿಲ್ಲಿಸುತ್ತದೋ, ಫ್ಯಾನ್ ಅಷ್ಟೇ ಇಳಿಸುತ್ತದೋ? ‘ಫ್ಯಾನ್ ಅಷ್ಟೇ’ ಎಂದರೆ ಆ ಎರಡಕ್ಷರಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ.

‘ಕೋಣೆ 15 ಡಿಗ್ರಿ ತಂಪು’ ಎಂದು ಡಬ್ಬದ ಮೇಲೆ ಇದ್ದರೆ ಪಕ್ಕದಲ್ಲಿ ‘ಷರತ್ತು ಅನ್ವಯ’ ಎನ್ನುವ ಒಂದು ಸಣ್ಣ ನಕ್ಷತ್ರವೂ ಇರುತ್ತದೆ. 2023ರ ಜುಲೈನಲ್ಲಿ ದಕ್ಷಿಣ ಕೊರಿಯಾದಿಂದ ಎಲ್‌ಕೆ-99 ಎಂಬ ‘ಕೋಣೆ ತಾಪಮಾನದ ಸೂಪರ್‌ಕಂಡಕ್ಟರ್’ (ಕರೆಂಟು ಒಂಚೂರೂ ಪೋಲಾಗದೆ ಹರಿಯುವ ವಸ್ತು) ಸುದ್ದಿ ಬಂದಾಗಲೂ ಇಲ್ಲಿಯವರ ಮೊದಲ ಅನುಮಾನ ‘ಯಾವ ಊರಿನ ಕೋಣೆ?’ ಎಂದೇ ಇರಬೇಕಿತ್ತು. ಅಲ್ಲಿನ ವಿಜ್ಞಾನಿಗಳು 127 ಡಿಗ್ರಿವರೆಗೂ ನಡೆಯುತ್ತದೆ ಎಂದಿದ್ದರು, ಅಂದರೆ ನಮ್ಮ ಸ್ಲ್ಯಾಬ್ ಕೆಳಗಿನ ಕೋಣೆಯೂ ಪಾಸು. ಆದರೆ ಆಗಸ್ಟ್ ಮುಗಿಯುವಷ್ಟರಲ್ಲಿ ಬೇರೆ ಲ್ಯಾಬ್‌ಗಳು ಪರೀಕ್ಷೆ ಮಾಡಿ, ಅದು ತಾಮ್ರದ ಸಲ್ಫೈಡ್ ಕಲಬೆರಕೆಯ ಆಟ ಎಂದು ಹೇಳಿಬಿಟ್ಟವು. ಕೂಲರ್‌ನ 15 ಡಿಗ್ರಿ ಮಾತ್ರ ಸುಳ್ಳಲ್ಲ, ಅದು ಒಣ ಹವೆಗೆ ಸೇರಿದ ಮಾತು. 42 ಡಿಗ್ರಿ, ಶೇ 20 ತೇವಾಂಶದಲ್ಲಿ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಸುಮಾರು 24 ತೋರಿಸುತ್ತದೆ. ಯಾವ ಕೂಲರ್ ಕೂಡ ಅದಕ್ಕಿಂತ ಕೆಳಗೆ ಇಳಿಯಲಾರದು. ಒಳ್ಳೆಯ ಪ್ಯಾಡ್ ಆ 18 ಡಿಗ್ರಿ ಅಂತರದಲ್ಲಿ ಶೇ 80ರಷ್ಟನ್ನು ಗೆಲ್ಲುತ್ತದೆ, ಗಾಳಿ 27–28 ಡಿಗ್ರಿಗೆ ಹೊರಬರುತ್ತದೆ. ಅದೇ ಯಂತ್ರ ಮಳೆ ಬಂದ ಮೇಲೆ, 33 ಡಿಗ್ರಿ, ಶೇ 70 ತೇವಾಂಶದಲ್ಲಿ ಕಷ್ಟಪಟ್ಟು 4 ಡಿಗ್ರಿ ಇಳಿಸಿ ಮೈಯೆಲ್ಲ ಅಂಟಂಟು ಮಾಡುತ್ತದೆ. ಯಂತ್ರ ಕೆಟ್ಟಿಲ್ಲ, ಅದರ ಸೀಸನ್ ಮುಗಿದಿದೆ.

ಐಸ್ ಚೇಂಬರ್ ಶುದ್ಧ ತಮಾಷೆ. ಎರಡು ಕೆಜಿ ಐಸ್ ಕರಗಿ ನೀರಿನ ಬಿಸಿಗೆ ಬರುವಷ್ಟರಲ್ಲಿ ಹೀರುವ ಶಾಖ 900 ಕಿಲೋಜೂಲ್ ಒಳಗೇ. ಗಂಟೆಗೆ 2,500 ಘನ ಮೀಟರ್ ಗಾಳಿ ತಳ್ಳುವ ಕೂಲರ್ ನೀರನ್ನು ಆವಿ ಮಾಡಿಯೇ ಗಂಟೆಗೆ ಸುಮಾರು 38,000 ಕಿಲೋಜೂಲ್ ಹೀರುತ್ತದೆ. ಅಂದರೆ ಫ್ರಿಜ್‌ನ ಟ್ರೇ ಎಲ್ಲ ಬರಿದು ಮಾಡಿ ಸುರಿದ ಐಸ್ ಒಂದೂವರೆ ನಿಮಿಷದ ಕೆಲಸಕ್ಕೂ ಸಾಲದು. ಅದನ್ನು ಮಜ್ಜಿಗೆಗೆ ಹಾಕಿಕೊಂಡರೆ ಲಾಭ ಹೆಚ್ಚು.

ಅದೇ ಲೆಕ್ಕ ಇನ್ನೊಂದು ಸತ್ಯ ಬಿಚ್ಚಿಡುತ್ತದೆ. ನಮ್ಮ ಮಧ್ಯಾಹ್ನದ ಹವೆಯಲ್ಲಿ ಪ್ರತಿ ಸಾವಿರ ಘನ ಮೀಟರ್ ಗಾಳಿಗೆ ಸುಮಾರು 6 ಲೀಟರ್ ನೀರು ಆವಿಯಾಗಬೇಕು, 2,500ಕ್ಕೆ 15–16 ಲೀಟರ್. 70 ಲೀಟರ್ ಟ್ಯಾಂಕು ನಾಲ್ಕೂವರೆ ಗಂಟೆಗೆ ಖಾಲಿ. ‘ಒಂದು ಸಲ ತುಂಬಿಸಿದರೆ ಹಗಲೆಲ್ಲ’ ಎಂದು ಯಾರಾದರೂ ಹೇಳಿದರೆ ಎರಡರಲ್ಲಿ ಒಂದು ಖಾತ್ರಿ: ಫ್ಯಾನ್ ಡಬ್ಬದ ಮೇಲೆ ಬರೆದಷ್ಟು ಗಾಳಿ ತಳ್ಳುತ್ತಿಲ್ಲ, ಇಲ್ಲವೇ ಪ್ಯಾಡ್ ಒದ್ದೆಯಾಗುತ್ತಿಲ್ಲ. ನೀರು ಬೇಗ ಖಾಲಿಯಾಗುತ್ತದೆ ಎಂದು ದೂರುವವರು ತಮ್ಮ ಕೂಲರ್ ಚೆನ್ನಾಗಿದೆ ಎಂದು ಹೊಗಳುತ್ತಿದ್ದಾರೆ ಎಂದೇ ಅರ್ಥ. 2025ರ ರಸಾಯನಶಾಸ್ತ್ರ ನೊಬೆಲ್ ಕಿಟಗಾವಾ, ರಾಬ್ಸನ್, ಯಾಗಿ ಮೂವರಿಗೆ ಬಂತಲ್ಲ, ಅವರ ಲೋಹ-ಸಾವಯವ ಚೌಕಟ್ಟುಗಳು ಎಂಬ ಸೂಕ್ಷ್ಮ ರಂಧ್ರಗಳ ವಸ್ತುಗಳು ಮರುಭೂಮಿಯ ಗಾಳಿಯಿಂದಲೂ ನೀರು ಹಿಂಡಬಲ್ಲವು. ಕಲಬುರಗಿಯ ಪ್ರತಿ ಮನೆಯ ಕಿಟಕಿ ಅದರ ಉಲ್ಟಾ ಕೆಲಸ ಮಾಡುತ್ತಿದೆ. ಬೋರ್‌ವೆಲ್ ನೀರು ಎತ್ತಿ ಗಾಳಿಗೆ ಕೊಡುವುದು ನಾವು, ಗಾಳಿಯಿಂದ ವಾಪಸ್ ಹಿಡಿಯುವುದು ಅವರು. ಇಬ್ಬರನ್ನೂ ಎದುರುಬದುರು ಕೂರಿಸಿದರೆ ಟ್ಯಾಂಕರ್‌ನವರಷ್ಟೇ ನಿರುದ್ಯೋಗಿಗಳಾಗುತ್ತಾರೆ.

ಈಗ ದುಡ್ಡು ಕೊಡಬೇಕಾದ ಮಾತು: ಬಿಎಲ್‌ಡಿಸಿ ಮೋಟರ್. ಈ ಗಾತ್ರದ ಹಳೆ ಮಾದರಿ ಮೋಟರ್ 190 ವ್ಯಾಟ್ ಆಸುಪಾಸು ಎಳೆದರೆ, ಬಿಎಲ್‌ಡಿಸಿ 95ರ ಆಸುಪಾಸು. ಪಂಪಿನ 18–20 ಎರಡಕ್ಕೂ ಸೇರಿಸಿಕೊಳ್ಳಿ. ದಿನಕ್ಕೆ 12 ಗಂಟೆ ಓಡಿದರೆ ತಿಂಗಳಿಗೆ ಒಂದರಲ್ಲಿ 75 ಯೂನಿಟ್, ಇನ್ನೊಂದರಲ್ಲಿ 41. ಉಚಿತ ಕರೆಂಟಿನ ಗೃಹಜ್ಯೋತಿಯ ಲೆಕ್ಕ ನಿಂತಿರುವುದು ಮನೆಯ ಹಳೆ ಸರಾಸರಿಯ ಮೇಲೆ, ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಜೆಸ್ಕಾಂ ಬಿಲ್ಲಿನಲ್ಲಿ ಈ 34 ಯೂನಿಟ್ ಕೆಲವು ಮನೆಗಳಿಗೆ ಸೊನ್ನೆ ಮತ್ತು ಸಾವಿರದ ನಡುವಿನ ಅಂತರ. ಒಂದೂವರೆ ಟನ್ ಎಸಿ ಗಂಟೆಗೆ ಒಂದು ಯೂನಿಟ್ ಮೇಲೇ ತಿನ್ನುತ್ತದೆ, ಅದರ ಕಥೆ ಬೇರೆ. 2025ರ ಜೂನ್‌ನಲ್ಲಿ ಕೇಂದ್ರದವರು ಎಸಿಗಳನ್ನು 20ರಿಂದ 28 ಡಿಗ್ರಿಯ ಬೇಲಿಯೊಳಗೆ ಕಟ್ಟುತ್ತೇವೆ ಎಂದಾಗ ದೇಶವೆಲ್ಲ ಚರ್ಚೆ ಮಾಡಿತು. 28 ಸಿಕ್ಕರೆ ಪುಣ್ಯ ಎನ್ನುವ ನಮಗೆ ಅದು ಯಾವುದೋ ದೇಶದ ಸುದ್ದಿ.

ಇನ್ವರ್ಟರ್ ಇದ್ದವರಿಗೆ ಬಿಎಲ್‌ಡಿಸಿ ಇನ್ನೂ ಹೆಚ್ಚು ಒಗ್ಗುತ್ತದೆ. 150 ಎಎಚ್ ಬ್ಯಾಟರಿಯಿಂದ ನಿಜಕ್ಕೂ ಕೈಗೆ ಸಿಗುವುದು ಸಾವಿರ ವ್ಯಾಟ್-ಅವರ್ ಹತ್ತಿರ. 115 ವ್ಯಾಟ್ ಹೊರೆ ಇದ್ದರೆ ಎಂಟು ಗಂಟೆ ದಾಟುತ್ತದೆ, 210 ಇದ್ದರೆ ಐದು ಗಂಟೆಯೂ ಕಷ್ಟ. ಸ್ಕ್ವೇರ್‌ವೇವ್ ಇನ್ವರ್ಟರ್‌ನಲ್ಲಿ ಹಳೆ ಮೋಟರ್ ಗುಂಯ್ ಎಂದು ಅಳುತ್ತದೆ, ಬಿಸಿಯೂ ಆಗುತ್ತದೆ. ಆದರೆ ಒಂದು ಎಚ್ಚರಿಕೆ. ಹಳೆ ಮೋಟರ್ ನಿಂತರೆ ಬಹುಪಾಲು ಕೆಟ್ಟಿರುವುದು 4 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್. ಯಾವ ಮೆಕ್ಯಾನಿಕ್ ಕೂಡ ಹತ್ತು ನಿಮಿಷದಲ್ಲಿ, ನೂರು ರೂಪಾಯಿ ಒಳಗಿನ ಸಾಮಾನಿನಲ್ಲಿ ಎಬ್ಬಿಸುತ್ತಾನೆ. ಬಿಎಲ್‌ಡಿಸಿ ನಿಂತರೆ ಕೆಟ್ಟಿರುವುದು ಬೋರ್ಡ್, ಅದು ಕಂಪನಿಯಿಂದಲೇ ಬರಬೇಕು, ಬರುವಷ್ಟರಲ್ಲಿ ಮಳೆಗಾಲ. ಆದ್ದರಿಂದ ಮೋಟರ್ ವಾರಂಟಿ ಎಷ್ಟು ವರ್ಷ ಎಂದು ಕೇಳಿ ಸುಮ್ಮನಾಗಬೇಡಿ, ಬೋರ್ಡಿನ ವಾರಂಟಿ ಎಷ್ಟು ಎಂದು ಬಿಲ್ ಮೇಲೆ ಬರೆಸಿಕೊಳ್ಳಿ. ವೋಲ್ಟೇಜ್ ಜಿಗಿಯುವ ಏರಿಯಾದಲ್ಲಿ ಸರ್ಜ್ ಪ್ರೊಟೆಕ್ಟರ್ ಇಲ್ಲದೆ ಪ್ಲಗ್ ಚುಚ್ಚಲೇಬೇಡಿ.

ವೈಫೈ ವಿಷಯ ಬೇಗ ಮುಗಿಸೋಣ. ಇಂಥ ಸಾಮಾನು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್‌ಗಷ್ಟೇ ಸೇರುತ್ತದೆ. ಆಫೀಸಿನಿಂದ ಕೂಲರ್ ಚಾಲೂ ಮಾಡಬಹುದು, ಆದರೆ ಆಫೀಸಿನಿಂದ ನೀರು ತುಂಬಿಸಲು ಆಗುವುದಿಲ್ಲ. ನಿಜವಾದ ತೊಂದರೆ ಟಚ್ ಪ್ಯಾನೆಲ್‌ನದು. ರಾತ್ರಿ ಎರಡಕ್ಕೆ ಕರೆಂಟ್ ಹೋಗಿ ಬಂದರೆ ಗುಂಡಿ ತಿರುಗಿಸುವ ಕೂಲರ್ ತಾನೇ ಓಡತೊಡಗುತ್ತದೆ. ನೆನಪಿಲ್ಲದ ಟಚ್ ಮಾದರಿ ಮಾತ್ರ ಸ್ಟ್ಯಾಂಡ್‌ಬೈನಲ್ಲಿ ಕೆಂಪು ಕಣ್ಣು ಬಿಟ್ಟುಕೊಂಡು ಕೂತಿರುತ್ತದೆ, ನೀವು ಬೆವೆತು ಎದ್ದು ಒತ್ತುವವರೆಗೂ. ಅಂಗಡಿಯಲ್ಲೇ ಪರೀಕ್ಷಿಸಿ: ಚಾಲೂ ಇರುವಾಗ ಪ್ಲಗ್ ಕಿತ್ತು, ಹತ್ತು ಸೆಕೆಂಡ್ ಬಿಟ್ಟು ಚುಚ್ಚಿ. ತಾನಾಗಿ ಎದ್ದರೆ ಮಾತ್ರ ರೊಕ್ಕ ಎಣಿಸಿ.

ಇನ್ನು ಯಾವ ಡಬ್ಬದ ಮೇಲೂ ಬರೆಯದ ವಿಷಯ, ಅಂದರೆ ನೀರಿನ ಗಡಸು. ಬೋರ್ ನೀರಿನ ಟಿಡಿಎಸ್, ಅಂದರೆ ಕರಗಿದ ಲವಣ, ಲೀಟರ್‌ಗೆ 800 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. 70 ಲೀಟರ್‌ನಲ್ಲಿ 56 ಗ್ರಾಂ ಲವಣ ಇರುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಲವಣ ಎಲ್ಲಿಗೂ ಹೋಗುವುದಿಲ್ಲ. ದಿನಕ್ಕೆ ಎರಡು ಟ್ಯಾಂಕ್ ಲೆಕ್ಕದಲ್ಲಿ ತಿಂಗಳಿಗೆ ಮೂರು ಕೆಜಿ ಮೇಲೆ ಪ್ಯಾಡಿನಲ್ಲಿ, ಪಂಪಿನಲ್ಲಿ, ಟ್ಯಾಂಕಿನ ತಳದಲ್ಲಿ ಕೂರುತ್ತದೆ. ಮೊದಲು ಕಟ್ಟುವುದು ಪ್ಯಾಡಿನ ಮೇಲಿನ ಪೈಪಿನ ಸಣ್ಣ ತೂತು. ಹಿಂದಿನ ಜಾಳಿ ತೆಗೆದು ನೋಡಿ: ಕಂದು ಪ್ಯಾಡಿನ ಮೇಲೆ ಮೇಲಿಂದ ಕೆಳಕ್ಕೆ ಬೆರಳಗಲದ ತಿಳಿಬಣ್ಣದ ಒಣ ಪಟ್ಟಿ ಕಂಡರೆ ಅದರ ನೆತ್ತಿಯ ತೂತು ಮುಚ್ಚಿದೆ. ಆ ಪಟ್ಟಿಯಿಂದ ಬರುವುದು ಹೊರಗಿನ 42 ಡಿಗ್ರಿಯ ಗಾಳಿಯೇ. ಕೂಲರ್ ಹಳೆಯದಾಯಿತು, ತಂಪು ಕೊಡುತ್ತಿಲ್ಲ ಎನ್ನುವ ದೂರುಗಳಲ್ಲಿ ಎಷ್ಟೋ ಇಲ್ಲೇ ಮುಗಿಯುತ್ತವೆ. ಸೇಫ್ಟಿ ಪಿನ್ನು ಸಾಕು.

ಎರಡು ದಿನಕ್ಕೊಮ್ಮೆ ಉಳಿದ ನೀರನ್ನು ಪೂರ್ತಿ ಚೆಲ್ಲಿ, ಅದರ ಮೇಲೇ ಹೊಸ ನೀರು ಸುರಿಯಬೇಡಿ. ಡೆಂಗಿ ಸೊಳ್ಳೆಯ ಮೊಟ್ಟೆ ರೆಕ್ಕೆ ಬಿಚ್ಚಲು ಒಂದು ವಾರದಿಂದ ಹತ್ತು ದಿನ ಸಾಕು, ಇದರಿಂದ ಅದಕ್ಕೂ ತಡೆ ಬೀಳುತ್ತದೆ. ತಿಂಗಳಿಗೊಮ್ಮೆ ಲೀಟರ್‌ಗೆ 20 ಗ್ರಾಂನಂತೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ, ಫ್ಯಾನ್ ಬಂದ್ ಇಟ್ಟು ಪಂಪ್ ಮಾತ್ರ ಅರ್ಧ ಗಂಟೆ ಓಡಿಸಿ, ಆಮೇಲೆ ಎರಡು ಸಲ ಬರೀ ನೀರು. ಟಾಯ್ಲೆಟ್ ಆಸಿಡ್ ಹಾಕುವ ಧೈರ್ಯ ಬೇಡ. ಜೇನುಗೂಡು ಪ್ಯಾಡ್ ಎಂಬುದು ಅಂಟು ಹಾಕಿದ ಕಾಗದ, ಪದರು ಪದರಾಗಿ ಬಿಚ್ಚಿಕೊಳ್ಳುತ್ತದೆ. ಬ್ರಷ್‌ನಿಂದಲೂ ತಿಕ್ಕಬೇಡಿ. ಪ್ಯಾಡ್ ಬದಲಿಸುವಾಗ ಅಲೆಗಳ ಎರಡು ಕೋನ ಬೇರೆಬೇರೆ ಇದ್ದರೆ, ಹೆಚ್ಚು ಕಡಿದಾದ ಇಳಿಜಾರು ಗಾಳಿ ಒಳಬರುವ ಕಡೆಗೆ ಇಳಿಯುವಂತೆ ಕೂರಿಸಬೇಕು. ಉಲ್ಟಾ ಹಾಕಿದರೆ ಹನಿಗಳು ಹಾಸಿಗೆಗೇ ಬರುತ್ತವೆ.

ಹಾಗಾದರೆ ಇಲ್ಲಿಯ ವೆಲ್ಡಿಂಗ್ ಅಂಗಡಿಯ ತಗಡಿನ ಕೂಲರ್, 18 ಇಂಚಿನ ಫ್ಯಾನು, ಮೂರು ಕಡೆ ಮರದ ಹುಲ್ಲು? ಗಾಳಿಯಲ್ಲಿ ಅದನ್ನು ಮೀರಿಸುವುದು ಕಷ್ಟ, ಹುಲ್ಲನ್ನು ವರ್ಷವರ್ಷ ಬದಲಿಸುವುದರಿಂದ ಲವಣದ ಚಿಂತೆಯೂ ಇಲ್ಲ. ಆದರೆ ಸದ್ದು ಜಾಸ್ತಿ, ಕರೆಂಟು ಜಾಸ್ತಿ, ತಗಡಿಗೆ ಅರ್ಥಿಂಗ್ ಇಲ್ಲದಿದ್ದರೆ ಜೀವಕ್ಕೇ ಅಪಾಯ. ಮೂರು ಪಿನ್ ಪ್ಲಗ್ಗು, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬಂದ್ ಆಗುವ ಸ್ವಿಚ್), ನೀರು ತುಂಬಿಸುವಾಗ ಸ್ವಿಚ್ ಬಂದ್. ಇದರಲ್ಲಿ ಚೌಕಾಸಿ ಬೇಡ. ಅದೇ ತಗಡಿಗೆ ಬಿಎಲ್‌ಡಿಸಿ ಮೋಟರ್ ಹಾಕಿಸಿಕೊಂಡರೆ ನನ್ನ ಲೆಕ್ಕದಲ್ಲಿ ಈ ಊರಿಗೆ ಅತ್ಯುತ್ತಮ ಕೂಲರ್ ಅದೇ. ಎತ್ತರದಲ್ಲಿರುವ ಬೀದರ್‌ನವರಿಗೆ 50 ಲೀಟರ್‌ನದು, ಗುಂಡಿ ಇರುವುದು ಸಾಕು.

ಯಾವುದನ್ನೇ ತಂದರೂ ಕಿಟಕಿಯ ಹೊರಗೆ ಇಡಿ, ಎದುರಿನ ಕಿಟಕಿ ಮೂರು ಚದರಡಿಯಷ್ಟಾದರೂ ತೆರೆದಿರಲಿ. ಬಾಗಿಲು ಮುಚ್ಚಿ ಕೋಣೆಯ ನಡುವೆ ಇಟ್ಟರೆ ಅರ್ಧ ಗಂಟೆಯಲ್ಲಿ ತೇವ ತುಂಬಿ ತಂಪು ನಿಲ್ಲುತ್ತದೆ. ಸ್ಲ್ಯಾಬಿನ ಮೇಲೆ ಬಿಳಿ ಬಳಿದರೆ ಕೂಲರ್‌ನ ಅರ್ಧ ಕಷ್ಟ ಇಳಿಯುತ್ತದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2021ರಲ್ಲಿ ಬಿಸಿಲಿನ ಶೇ 98.1ನ್ನು ವಾಪಸ್ ಕಳಿಸುವ ಬೇರಿಯಂ ಸಲ್ಫೇಟ್ ಬಣ್ಣ ಮಾಡಿ ಜಗತ್ತಿಗೆಲ್ಲ ಸುದ್ದಿಯಾದರು. ನಮ್ಮಲ್ಲಿ ಸುಣ್ಣ ಬಳಿಯುವವರು ಶೇಕಡಾವಾರು ಹೇಳದಿದ್ದುದಕ್ಕೆ ಸುದ್ದಿಯಾಗಲಿಲ್ಲ ಅಷ್ಟೇ.

ಜೂನ್‌ನಲ್ಲಿ ಎತ್ತಿಡುವಾಗ ಟ್ಯಾಂಕ್ ಬರಿದು ಮಾಡಿ, ಪಂಪ್ ಬಂದ್ ಇಟ್ಟು ಫ್ಯಾನ್ ಎರಡು ಗಂಟೆ ಓಡಿಸಿ ಪ್ಯಾಡ್ ಒಣಗಿಸಿ. ಪಂಪ್ ಹೊರತೆಗೆದು, ಮುಂದಿನ ಮುಚ್ಚಳ ಬಿಚ್ಚಿ, ಇಂಪೆಲ್ಲರ್ ಬೆರಳಿನಿಂದ ಸಲೀಸಾಗಿ ತಿರುಗುತ್ತದೋ ನೋಡಿ, ಬಿಳಿ ಪುಡಿ ತೊಳೆದು ಒಣಗಿಸಿಡಿ. ಹಾಗೇ ಬಿಟ್ಟ ಪಂಪ್ ಮಾರ್ಚ್‌ನಲ್ಲಿ ಗುರ್ ಎನ್ನುತ್ತದೆ, ನೀರು ಎತ್ತುವುದಿಲ್ಲ, ಮುನ್ನೂರು ರೂಪಾಯಿ ದಂಡ. ಪ್ಯಾಡಿಗೆ ಗೋಣಿಚೀಲ ಸುತ್ತಬೇಡಿ, ಇಲಿ ಅಲ್ಲೇ ಮನೆ ಮಾಡುತ್ತದೆ.