ಹಿಂಬಾಗಿಲಿನ ಡಾಕ್ಟರು

ಸ್ಟೀವನ್‌ಸನ್ ಬರೆದ ‘ಡಾಕ್ಟರ್ ಜೆಕಿಲ್ ಅಂಡ್ ಮಿಸ್ಟರ್ ಹೈಡ್’ 120 ರೂಪಾಯಿಗೆ ಸಿಕ್ಕಿತು. ತೆಳು ಪುಸ್ತಕ. ಮೈಸೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಬರುವಷ್ಟರಲ್ಲಿ ಮುಗಿಯಿತು. ಅಕ್ಷರ ತೀರಾ ಸಣ್ಣದು. ಅಂಟು ಬಿಟ್ಟು ಎರಡು ಹಾಳೆ ಕೈಗೇ ಬಂದವು. ಆದರೂ ಈ ಪುಸ್ತಕವನ್ನು ಯಾರಿಗೂ ಕೊಡುವುದಿಲ್ಲ.

ಕಥೆ ಬಂದದ್ದು 1886ರಲ್ಲಿ. ಡಾಕ್ಟರ್ ಜೆಕಿಲ್ ತಾನೇ ಮಾಡಿದ ಔಷಧಿ ಕುಡಿದು ವಿಕಾರ ರೂಪದ ಕ್ರೂರಿ ಹೈಡ್ ಆಗುತ್ತಾನೆ. 1888ರಲ್ಲಿ ಇದರ ನಾಟಕ ಲಂಡನ್ನಿನ ಲೈಸಿಯಂ ರಂಗಮಂದಿರದಲ್ಲಿ ನಡೆಯುತ್ತಿದ್ದಾಗಲೇ ಅದೇ ಊರಿನ ವೈಟ್‌ಚಾಪೆಲ್‌ನಲ್ಲಿ ಹೆಂಗಸರ ಕೊಲೆಗಳಾದವು. ಹೈಡ್ ಪಾತ್ರ ಮಾಡಿದ ರಿಚರ್ಡ್ ಮ್ಯಾನ್ಸ್‌ಫೀಲ್ಡ್ ಮೇಲೂ ಅನುಮಾನ ಬಂತು. ನಾವು ವಿಕಾರ ಮುಖದವನನ್ನೇ ಹುಡುಕುತ್ತೇವೆ, ಅಲ್ವಾ?

ಪುಸ್ತಕ ಹೇಳುವುದು ಬೇರೆ. ಹೈಡ್ ಓಡಾಡುವ ಹಾಳು ಬಾಗಿಲು ಮರ್ಯಾದಸ್ಥ ಡಾಕ್ಟರ ಮನೆಯ ಹಿಂಬಾಗಿಲು. ಗೆಳೆಯರಿಗೆ ಅನುಮಾನ ಬಂದರೂ ಜಾಸ್ತಿ ಕೆದಕುವುದಿಲ್ಲ, ಹೆಸರು ಕೆಡಬಾರದೆಂದು. ಹೈಡ್‌ನನ್ನು ಬಿಡುತ್ತೇನೆ ಎಂದು ಜೆಕಿಲ್ ಗಟ್ಟಿ ಮನಸ್ಸು ಮಾಡುತ್ತಾನೆ. ಆದರೆ ಹೈಡ್‌ಗೆಂದು ಲಂಡನ್ನಿನ ಸೋಹೋದಲ್ಲಿ ಮಾಡಿದ್ದ ಮನೆ ಖಾಲಿ ಮಾಡುವುದಿಲ್ಲ, ಹೈಡ್‌ನ ಬಟ್ಟೆಯನ್ನೂ ಎಸೆಯುವುದಿಲ್ಲ. ಎರಡೇ ತಿಂಗಳು, ಮತ್ತೆ ಆ ಔಷಧಿ ಕುಡಿಯುತ್ತಾನೆ. ಆ ಸಾಲು ಓದಿ ಪುಸ್ತಕ ಮುಚ್ಚಿ ಸುಮ್ನೆ ಕಿಟಕಿ ನೋಡುತ್ತಾ ಕೂತೆ.

ನೆನಪಾದದ್ದು ಸಯನೈಡ್ ಮೋಹನ್. ದಕ್ಷಿಣ ಕನ್ನಡದ ಪ್ರಾಥಮಿಕ ಶಾಲೆಯ ಮೇಷ್ಟ್ರು. ಮದುವೆಯ ಆಸೆ ತೋರಿಸಿ ಕರೆದೊಯ್ದು, ಗರ್ಭ ತಡೆಯುವ ಮಾತ್ರೆಯೆಂದು ಸಯನೈಡ್ ಕೊಡುತ್ತಿದ್ದ. ಬೇರೆ ಬೇರೆ ಊರಿನ ಬಸ್ ನಿಲ್ದಾಣದ ಶೌಚಾಲಯಗಳಲ್ಲಿ ಹೆಣ್ಣುಮಕ್ಕಳು ಸತ್ತು ಬಿದ್ದರು. ಸಿಕ್ಕಿದ್ದು 2009ರಲ್ಲಿ. ಅವನ ಮುಖದಲ್ಲಿ ಏನೂ ಬರೆದಿರಲಿಲ್ಲ.

ಒಂದು ಕೊರತೆ ನನ್ನನ್ನು ಕಾಡಿತು. ಹೈಡ್ ತುಳಿದು ಹೋಗುವ ಹುಡುಗಿಗೆ ಈ ಕಥೆಯಲ್ಲಿ ಹೆಸರೇ ಇಲ್ಲ.

ಕೊಳ್ಳುವುದಾದರೆ ಹೊಲಿಗೆ ಹಾಕಿದ ಪ್ರತಿ ಕೇಳಿ.