ಕೆಂಪು ದಾಳ, ನೀಲಿ ದಾಳದ ಸಂಭವನೀಯತೆ ಕಿಟ್

ಎಸ್ಸೆಸ್ಸೆಲ್ಸಿ ಓದುತ್ತಿರುವ ಮಗಳಿಗೆ ತರಿಸಿದ ಕಿಟ್ ಇದು. ಎರಡು ದಾಳಗಳಿಗೆ ಬೇರೆ ಬೇರೆ ಬಣ್ಣ ಕೊಟ್ಟಿರುವುದು ನನಗೆ ತುಂಬಾ ಹಿಡಿಸಿತು. ಕೆಂಪಿನಲ್ಲಿ 2, ನೀಲಿಯಲ್ಲಿ 5 ಬಿದ್ದರೆ ಒಂದು ಫಲಿತ. ಕೆಂಪಿನಲ್ಲಿ 5, ನೀಲಿಯಲ್ಲಿ 2 ಬಿದ್ದರೆ ಅದೇ ಬೇರೆ. ಬಣ್ಣ ಒಂದೇ ಆಗಿದ್ದರೆ ಮಕ್ಕಳು ಎರಡನ್ನೂ ಒಂದೇ ಅಂತ ಎಣಿಸಿಬಿಡುತ್ತಾರೆ. ಜೊತೆಗಿರುವ 36 ಮನೆಯ ಹಲಗೆಯಲ್ಲಿ ಮೊತ್ತ 7 ಬರುವ ಆರು ಮನೆಗಳು ಓರೆಯಾಗಿ ಸಾಲುಗಟ್ಟಿದಾಗ, 6/36 ಅಂದರೆ 1/6 ಅನ್ನುವುದು ಅವಳಿಗೆ ಕಣ್ಣಿಗೇ ಕಂಡಿತು.

ಗೋಲಿ ಚೀಲವೂ ಚೆನ್ನಾಗಿದೆ: 3 ಕೆಂಪು, 2 ಹಸಿರು. ವಾಪಸ್ ಹಾಕದೆ ಎರಡು ತೆಗೆದರೆ ಎರಡೂ ಕೆಂಪಾಗುವ ಸಂಭವನೀಯತೆ 3/5 × 2/4 = 3/10.

ಕೈಪಿಡಿಯದ್ದೇ ಬೇಸರ. ‘ಕನಿಷ್ಠ ಒಂದು ದಾಳದಲ್ಲಿ 6’ ಅನ್ನುವ ಲೆಕ್ಕಕ್ಕೆ 12/36 ಅಂತ ಅಚ್ಚು ಹಾಕಿದ್ದಾರೆ. (6,6) ಎರಡು ಸಲ ಎಣಿಕೆಯಾಗಿದೆ, ಸರಿಯುತ್ತರ 11/36. ಪರೀಕ್ಷೆಗೆ ಕೂರುವ ಮಕ್ಕಳು ಓದುವ ಪುಸ್ತಕ, ಇದನ್ನು ತಿದ್ದಲೇಬೇಕು.